ನೆರಳಿಗೆ ಮುಂಗಡಪತ್ರದಲ್ಲಿ ಜಾಗ ಕೊಡಿ: ಬೆಂಗಳೂರಿನ ಐದು ಪಾಲಿಕೆಗಳಿಗೆ ಒಂದು ಬಹಿರಂಗ ಪತ್ರ

ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಮುಖ್ಯ ಆಯುಕ್ತರಿಗೆ ಹಾಗೂ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ ಮತ್ತು ಪಶ್ಚಿಮ ನಗರ ಪಾಲಿಕೆಗಳ ಆಯುಕ್ತರಿಗೆ,

ಮಾನ್ಯರೇ,

ಭಾರತೀಯ ಹವಾಮಾನ ಇಲಾಖೆಯ ಮಾನದಂಡದಲ್ಲಿ ಬಯಲು ಪ್ರದೇಶದ ಊರೊಂದರ ಗರಿಷ್ಠ ಉಷ್ಣಾಂಶ 40 ಡಿಗ್ರಿ ಮುಟ್ಟಿದ ಮೇಲೆಯೇ ಬಿಸಿಗಾಳಿಯ ಮಾತು ಏಳುವುದು. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಹೆಚ್ಚಿನ ಉಷ್ಣಾಂಶ 39.2 ಡಿಗ್ರಿ, ಅದು 2016ರ ಏಪ್ರಿಲ್‌ನಲ್ಲಿ. 2024ರ ಏಪ್ರಿಲ್ 28ರಂದು 38.5 ಡಿಗ್ರಿಗೆ ಏರಿತ್ತು. ಅಂದರೆ ಆ ಮಾನದಂಡದ ಕಣ್ಣಿಗೆ ನಮ್ಮ ಊರಿನ ಸೆಖೆ ಬೀಳುವುದೇ ಇಲ್ಲ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ, ಒಂದು ಕಾಲಕ್ಕೆ ಬೇಸಿಗೆಯಲ್ಲೂ ಫ್ಯಾನಿನ ಹಂಗಿಲ್ಲದೆ ಮಲಗುತ್ತಿದ್ದ ಊರು ಬಿಸಿಲಿಗೆಂದು ತಯಾರಿ ಮಾಡಿಕೊಳ್ಳಬೇಕೇ ಎಂಬ ಭಾವನೆ ಆಡಳಿತದಲ್ಲಿ ಬೇರೂರಿದೆ. ತಂಪಿನ ಊರೆಂಬ ಆ ಹಳೆಯ ಹೆಸರೇ ಈಗ ನಮಗೆ ಮುಳುವಾಗುತ್ತಿದೆ. ಐದು ಪಾಲಿಕೆಗಳು ಹೊಸದಾಗಿ ಲೆಕ್ಕಪತ್ರ ಬರೆಯಲು ಕುಳಿತಿರುವ ಈ ಹೊತ್ತಿನಲ್ಲಿ ಅದನ್ನು ನಿಮ್ಮ ಗಮನಕ್ಕೆ ತರಲು ಈ ಪತ್ರ ಬರೆಯುತ್ತಿದ್ದೇನೆ.

ನಾನು ಪೀಣ್ಯದ ಮಗ್ಗುಲಿನ ರಾಜಗೋಪಾಲನಗರದಲ್ಲಿ ವಾಸವಾಗಿರುವ ನಿವೃತ್ತ ವಿಜ್ಞಾನ ಶಿಕ್ಷಕಿ. ನಮ್ಮ ಸುತ್ತಿನ ಬೀದಿಗಳಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು, ವರ್ಕ್‌ಶಾಪ್‌ಗಳಲ್ಲಿ ದುಡಿಯುವ ಹುಡುಗರು ಬಾಡಿಗೆಗಿದ್ದಾರೆ. ಇವರಲ್ಲಿ ಬಹಳ ಮಂದಿಯದು ಶೀಟಿನ ಮನೆ. ಮೂರನೆಯ ಮಹಡಿಯ ಮೇಲೆ ನಾಲ್ಕು ಗೋಡೆ ಎಬ್ಬಿಸಿ, ಮೇಲೆ ಸಿಮೆಂಟ್ ಶೀಟೋ ತಗಡೋ ಹೊದಿಸಿದ ಒಂದೇ ಕೋಣೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಅಂಥ ಮನೆಯೊಳಗೆ ಹತ್ತು ನಿಮಿಷ ಕುಳಿತು ನೋಡಿ. ಕಾದ ತಗಡು ಹಿಗ್ಗುವಾಗ ಟಕ್ಕೆಂದು ಸದ್ದು ಮಾಡುತ್ತದೆ. ಫ್ಯಾನು ಹಾಕಿದರೆ ಸೂರಿನಡಿ ನಿಂತ ಬಿಸಿಗಾಳಿಯೆಲ್ಲ ತಲೆಯ ಮೇಲೆ ಇಳಿಯುತ್ತದೆ. ಕಪ್ಪು ಟ್ಯಾಂಕಿನಿಂದ ಬರುವ ನೀರಿಗೆ ಕೈಯಿಡಲಾಗುವುದಿಲ್ಲ. ಪಾತ್ರೆ ತೊಳೆಯಬೇಕಾದರೆ ಬಕೆಟ್ಟಿನಲ್ಲಿ ಹಿಡಿದು ಆರಲು ಬಿಡಬೇಕು. ಸಂಜೆ ಹೊರಗೆ ಗಾಳಿ ತಣ್ಣಗಾದರೂ ಗೋಡೆ ರಾತ್ರಿ ಹತ್ತರವರೆಗೂ ಹಗಲಿನ ಬಿಸಿಯನ್ನು ಕಾರುತ್ತಲೇ ಇರುತ್ತದೆ. ಪಕ್ಕದ ವಠಾರದ ಹೆಣ್ಣುಮಗಳೊಬ್ಬಳು ಹಳೆಯ ಗೋಣಿಚೀಲಗಳನ್ನು ನೆನೆಸಿ ಶೀಟಿನ ಮೇಲೆ ಹಾಸುತ್ತಾಳೆ. ಅವಳ ಮಗುವಿನ ಕುತ್ತಿಗೆಯಲ್ಲಿ ಮಾರ್ಚ್‌ನಲ್ಲಿ ಎದ್ದ ಬೆವರುಸಾಲೆ ಮಳೆಗಾಲದವರೆಗೂ ಹೋಗುವುದಿಲ್ಲ. ರಾತ್ರಿ ನಿದ್ದೆಯಿಲ್ಲದ ಆ ತಾಯಿ ಬೆಳಗ್ಗೆ ಎಂಟೂವರೆಗೆ ಹೊಲಿಗೆ ಯಂತ್ರದ ಮುಂದೆ ಕೂರಬೇಕು. ಅಲ್ಲಿಯೂ ತಲೆಯ ಮೇಲಿರುವುದು ಶೀಟೇ. ಹವಾಮಾನ ವರದಿಯ ಉಷ್ಣಾಂಶವನ್ನು ಅಳೆಯುವುದು ಗಾಳಿಯಾಡುವ, ನೆರಳಿನ ಪೆಟ್ಟಿಗೆಯೊಳಗೆ. ಈ ಮನೆಗಳ ಒಳಗಿನ ಬಿಸಿ ಯಾವ ವರದಿಗೂ ಬರುವುದಿಲ್ಲ.

ಜಾಗತಿಕ ತಾಪಮಾನ ಏರಿಕೆಯ ಮಾತೆತ್ತಿದಾಗ ಅಧಿಕಾರಿಗಳಿಂದ ಸಾಮಾನ್ಯವಾಗಿ ಕೇಳುವ ಉತ್ತರ, ಅದು ಜಗತ್ತಿನ ಸಮಸ್ಯೆ, ಪಾಲಿಕೆಯ ಕೈಯಲ್ಲಿ ಏನಿದೆ ಎಂಬುದು. ಅರ್ಧ ಸತ್ಯ ಅದರಲ್ಲಿದೆ. ಕೈಗಾರಿಕಾ ಕ್ರಾಂತಿಗೆ ಮೊದಲು ವಾತಾವರಣದ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಭಾಗ ಇದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ದಾಟಿದೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟು ಅಷ್ಟನ್ನೂ ಏರಿಸಿದವರಲ್ಲಿ ಶ್ರೀಮಂತ ದೇಶಗಳ ಪಾಲು ದೊಡ್ಡದು. ಜಗತ್ತಿನ ಸರಾಸರಿ ಉಷ್ಣಾಂಶ ಆ ಹಳೆಯ ಕಾಲಕ್ಕಿಂತ 1.5 ಡಿಗ್ರಿ ಮೀರಿ ಏರಿದ ಮೊದಲ ವರ್ಷ 2024. ಪ್ಯಾರಿಸ್ ಒಪ್ಪಂದದಲ್ಲಿ 2015ರಲ್ಲಿ ದೇಶಗಳೆಲ್ಲ ಕೂಡಿ ಹಾಕಿಕೊಂಡ ಗೆರೆಯೂ ಅದೇ. ಒಂದು ವರ್ಷ ದಾಟಿದ ಮಾತ್ರಕ್ಕೆ ಒಪ್ಪಂದ ಮುರಿದಂತಲ್ಲ, ಆದರೆ ಹೋಗುತ್ತಿರುವ ದಿಕ್ಕು ಸ್ಪಷ್ಟ.

ಉಳಿದರ್ಧ ನಮ್ಮದೇ ಕೈಕೆಲಸ. ಕಾಂಕ್ರೀಟು ಮತ್ತು ಡಾಂಬರು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಬಿಡುತ್ತವೆ. ಗಾಜಿನ ಗೋಡೆಯ ಕಟ್ಟಡಗಳು ಒಳಗೆ ಕಾದು, ಒಳಗಿನ ಬಿಸಿಯನ್ನು ಎ.ಸಿ. ಯಂತ್ರಗಳ ಮೂಲಕ ಬೀದಿಗೆ ತಳ್ಳುತ್ತವೆ. ಮಣ್ಣು, ಮರ, ಕೆರೆಗಳಿದ್ದಲ್ಲಿ ನೀರು ಆವಿಯಾಗುತ್ತಾ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಅವುಗಳನ್ನೇ ತೆಗೆದ ಮೇಲೆ ತಂಪು ಬರುವುದೆಲ್ಲಿಂದ? ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಅವರ ತಂಡ ಉಪಗ್ರಹ ಚಿತ್ರಗಳನ್ನಿಟ್ಟುಕೊಂಡು 1973ರಿಂದ ಈಚೆಗೆ ಬೆಂಗಳೂರಿನ ಹಸಿರು ಮತ್ತು ಜಲಪ್ರದೇಶ ಕರಗಿದ ಬಗೆಯನ್ನು ವರ್ಷಗಳಿಂದ ದಾಖಲಿಸುತ್ತಾ, ಎಚ್ಚರಿಸುತ್ತಾ ಬಂದಿದ್ದಾರೆ. ಧರ್ಮಾಂಬುಧಿ ಕೆರೆ ಇದ್ದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಕ್ರೀಡಾಂಗಣ ಬಂದ ಕಥೆ ಎಲ್ಲರಿಗೂ ಗೊತ್ತು.

ಬಿಸಿಯಾದ ಗಾಳಿ ಪ್ರತಿ ಒಂದು ಡಿಗ್ರಿಗೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ನೆಲದಿಂದ ಹೆಚ್ಚು ಹೀರುತ್ತದೆ, ಸುರಿಯುವಾಗ ಒಮ್ಮೆಲೇ ಸುರಿಯುತ್ತದೆ. 2024ರಲ್ಲಿ ನಾವು ಇದನ್ನು ಮೂರೇ ತಿಂಗಳಲ್ಲಿ ಕಂಡೆವು. ಮಾರ್ಚ್‌ನಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಹೊರಡಿಸಿತು. ಏಪ್ರಿಲ್ ಇಡೀ ತಿಂಗಳು ನಗರದಲ್ಲಿ ಹನಿ ಮಳೆ ಬೀಳಲಿಲ್ಲ. ಜೂನ್ 2ರಂದು ಒಂದೇ ದಿನ 111 ಮಿ.ಮೀ. ಸುರಿದು, ಜೂನ್ ತಿಂಗಳ ಒಂದು ದಿನದ ಮಳೆಯ ಮಟ್ಟಿಗೆ 1891ರಿಂದ ಉಳಿದುಕೊಂಡಿದ್ದ ದಾಖಲೆ ಮುರಿಯಿತು. ಬರ ಮತ್ತು ನೆರೆಗೆ ಬೇರೆ ಬೇರೆ ಇಲಾಖೆಗಳಿರಬಹುದು, ಕಾರಣ ಒಂದೇ.

ಈಗ ಪಾಲಿಕೆಯ ಕೈಯಲ್ಲಿರುವ ಸಂಗತಿಗೆ ಬರುತ್ತೇನೆ. ನನ್ನ ಕೋರಿಕೆಗಳಲ್ಲಿ ಮೊದಲನೆಯದು ಮತ್ತು ಬಹಳ ಮುಖ್ಯವಾದದ್ದು ನೆರಳು. ನೀರು, ದೀಪ, ಚರಂಡಿಯಂತೆ ನೆರಳನ್ನೂ ಮೂಲಸೌಕರ್ಯವೆಂದು ಎಣಿಸಿ, ಅದಕ್ಕೆ ಮುಂಗಡಪತ್ರದಲ್ಲಿ ಪ್ರತ್ಯೇಕ ಶೀರ್ಷಿಕೆ ಕೊಡಿ.

ಮಧ್ಯಾಹ್ನ ಎರಡು ಗಂಟೆಗೆ ನಮ್ಮ ಯಾವುದಾದರೂ ಬಸ್ ತಂಗುದಾಣದ ಬಳಿ ನಿಂತು ನೋಡಿ. ಸ್ಟೀಲಿನ ಆಸನ ಕಾದ ಹೆಂಚಿನಂತಿರುತ್ತದೆ. ಸೀರೆಯ ಸೆರಗು ಹಾಸಿದರೂ ಕೂರಲಾಗದು. ಮೇಲಿನ ಚಾವಣಿ ಎತ್ತರದಲ್ಲಿ, ಕಿರಿದಾಗಿ ಇರುವುದರಿಂದ ಅದರ ನೆರಳು ಹಿಂದಿನ ಗೋಡೆಯ ಮೇಲೋ ಚರಂಡಿಯ ಮೇಲೋ ಬೀಳುತ್ತದೆ. ಜಾಹೀರಾತು ಫಲಕಕ್ಕೆ ಸಿಕ್ಕಷ್ಟು ಜಾಗ ನೆರಳಿಗೆ ಸಿಕ್ಕಿಲ್ಲ. ಜನ ತಂಗುದಾಣ ಬಿಟ್ಟು, ಆಚೆಯ ವಿದ್ಯುತ್ ಕಂಬದ ಒಂದು ಅಡಿ ಅಗಲದ ನೆರಳಿನಲ್ಲಿ ಒಬ್ಬರ ಹಿಂದೊಬ್ಬರು ನಿಂತಿರುತ್ತಾರೆ. ಸೂರ್ಯ ಸರಿದಂತೆ ಸಾಲೂ ಸರಿಯುತ್ತದೆ. ಬಸವಳಿದ ಮುದುಕರನ್ನು ಸಾಲಿನ ಮುಂದಕ್ಕೆ ಬಿಟ್ಟುಕೊಡುವ ಸೌಜನ್ಯ ನಮ್ಮ ಜನರಲ್ಲಿದೆ, ಆದರೆ ಒಂದು ಕಂಬ ಎಷ್ಟು ಜನರಿಗೆ ನೆರಳಾದೀತು?

ಅದೇ ನಿಲ್ದಾಣದ ಪಕ್ಕ ಒಂದು ಹೊಂಗೆಮರ ಇದ್ದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ನಮ್ಮ ಊರಿನದೇ ಅಧ್ಯಯನವಿದೆ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಅವರ ಸಂಗಡಿಗರು ಬೆಂಗಳೂರಿನ ರಸ್ತೆಗಳಲ್ಲೇ ಅಳತೆ ಮಾಡಿ 2013ರಲ್ಲಿ ಪ್ರಕಟಿಸಿದ ಪ್ರಕಾರ, ಮರಗಳಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣಾಂಶ ಮರಗಳಿಲ್ಲದ ಕಡೆಗಿಂತ 5.6 ಡಿಗ್ರಿಯವರೆಗೆ ಕಡಿಮೆ. ರಸ್ತೆಯ ಮೇಲ್ಮೈಯಲ್ಲಂತೂ 27.5 ಡಿಗ್ರಿಯವರೆಗೆ ವ್ಯತ್ಯಾಸ. ಇಷ್ಟು ಕೆಲಸವನ್ನು ವಿದ್ಯುತ್ ಬಿಲ್ಲಿಲ್ಲದೆ ಮಾಡಿಕೊಡುವ ಯಂತ್ರವನ್ನು ಯಾರೂ ಇನ್ನೂ ಕಂಡುಹಿಡಿದಿಲ್ಲ.

ಇರುವ ಮರಗಳನ್ನು ನಾವು ಹೇಗೆ ನೋಡಿಕೊಳ್ಳುತ್ತಿದ್ದೇವೆ? ರಸ್ತೆಗೆ ಕಾಂಕ್ರೀಟು ಹೊದಿಸುವ ವೈಟ್‌ಟಾಪಿಂಗ್ ಮಾಡುವಾಗ ಕಾಂಡದ ಬುಡಕ್ಕೇ ಕಾಂಕ್ರೀಟು ಸುರಿಯುತ್ತಾರೆ. ಪಾದಚಾರಿ ಮಾರ್ಗಕ್ಕೆಂದು ಒಮ್ಮೆ, ಕೇಬಲ್ಲಿಗೆಂದು ಒಮ್ಮೆ, ಪೈಪಿಗೆಂದು ಇನ್ನೊಮ್ಮೆ ಅಗೆದು ಒಂದು ಮಗ್ಗುಲಿನ ಬೇರುಗಳನ್ನೆಲ್ಲ ಕತ್ತರಿಸುತ್ತಾರೆ. ತಂತಿಗೆ ತಾಗುತ್ತದೆಂದು ಒಂದೇ ಪಕ್ಕದ ಕೊಂಬೆಗಳನ್ನು ಸವರಿ, ಭಾರವನ್ನೆಲ್ಲ ಇನ್ನೊಂದು ಪಕ್ಕಕ್ಕೆ ಬಿಡುತ್ತಾರೆ. ಮೇ ತಿಂಗಳ ಮೊದಲ ಗಾಳಿಮಳೆಗೆ ಆ ಮರ ಬುಡಮೇಲಾಗಿ ಯಾರದೋ ಆಟೋ ಜಖಂ ಆದಾಗ, ಮರಗಳೇ ಅಪಾಯವೆಂಬ ಕೂಗು ಏಳುತ್ತದೆ. ನನಗೆ ಬಹಳ ನೋವು ತರುವ ವಿಷಯ ಇದು, ಏಕೆಂದರೆ ಇದನ್ನು ತಡೆಯಲು ಕೋಟಿಗಟ್ಟಲೆ ಹಣ ಬೇಕಿಲ್ಲ. ಮರದ ಸುತ್ತ ಒಂದು ಮೀಟರ್ ಮಣ್ಣು ಬಿಡಬೇಕು, ಬಿಡದ ಗುತ್ತಿಗೆದಾರನ ಬಿಲ್ಲನ್ನು ತಡೆಹಿಡಿಯಬೇಕು. ಅಷ್ಟೇ.

ಕಡಿದ ಮರಕ್ಕೆ ಬದಲಾಗಿ ಹತ್ತು ಸಸಿ ನೆಟ್ಟೆವೆಂಬ ಲೆಕ್ಕವನ್ನೂ ದಯವಿಟ್ಟು ಬಿಡಿ. ಊರಾಚೆ ಎಲ್ಲೋ ನೆಟ್ಟ ಸಸಿ ಗೊರಗುಂಟೆಪಾಳ್ಯದಲ್ಲಿ ಬಸ್ಸಿಗೆ ಕಾಯುವವಳ ನೆತ್ತಿ ಕಾಯುವುದಿಲ್ಲ. ಮರ ಹೋದ ಬೀದಿಗೇ ಮರ ಬರಬೇಕು, ಮೂರು ಬೇಸಿಗೆ ನೀರು ಹಾಕುವ ಹೊಣೆ ಇಂಥವರದೆಂದು ಹೆಸರಿಟ್ಟು ಬರೆಯಬೇಕು. ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿನ ದಾರಿಯುದ್ದಕ್ಕೂ ಆಲದ ಸಾಲು ನಿಂತಿರುವುದು ಸಾಲುಮರದ ತಿಮ್ಮಕ್ಕ ಮತ್ತು ಅವರ ಪತಿ ಬಿಂದಿಗೆಯಲ್ಲಿ ನೀರು ಹೊತ್ತು ಅವನ್ನು ಸಾಕಿದ್ದರಿಂದ. ನೆಡುವ ದಿನ ಫೋಟೋ ತೆಗೆಸಿಕೊಳ್ಳುವ ಇಲಾಖೆಗಳು ನೀರೆರೆಯುವ ವರ್ಷಗಳಿಗೂ ಹಣ ಇಡಬೇಕು. ಹೊಂಗೆ, ನೇರಳೆ, ಮಾವು, ಹಲಸು, ಅತ್ತಿ, ಬೇವುಗಳಂಥ ನಮ್ಮ ನೆಲಕ್ಕೆ ಒಗ್ಗಿದ ದಟ್ಟ ನೆರಳಿನ ಮರಗಳೇ ಇರಲಿ. ಹದಿನೈದು ದಿನ ಹೂ ಬಿಟ್ಟು ಕಣ್ಣಿಗೆ ಹಬ್ಬವಾಗುವ ಮರಗಳ ಮೇಲೆ ನನಗೂ ಪ್ರೀತಿಯಿದೆ, ಆದರೆ ಬಸ್ ನಿಲ್ದಾಣದ ಬಳಿ ಏಪ್ರಿಲ್‌ನಲ್ಲಿ ಎಲೆ ಇರುವ ಮರ ಬೇಕು.

ಶೀಟಿನ ಮನೆಗಳ ಮಾತಿಗೆ ಮರಳುತ್ತೇನೆ. ಅಲ್ಲಿ ಮರ ನೆಡಲು ಗೇಣು ಜಾಗವಿಲ್ಲ. ಸೂರಿಗೆ ಬಿಳಿ ಬಳಿಯಬಹುದು. ಬಿಸಿಲನ್ನು ವಾಪಸ್ ಕಳಿಸುವ ಬಿಳಿ ಲೇಪನ ಅಥವಾ ಬರೀ ಸುಣ್ಣವಾದರೂ ಒಳಗಿನ ಸೆಖೆಯನ್ನು ಕಣ್ಣಿಗೆ ಕಾಣುವಷ್ಟು ಇಳಿಸುತ್ತದೆ. ನೆರೆಯ ತೆಲಂಗಾಣ 2023ರಲ್ಲೇ ತಂಪು ಚಾವಣಿ ನೀತಿ ತಂದಿದೆ. ನಮ್ಮ ಪಾಲಿಕೆಗಳು ಮೊದಲು ತಮ್ಮ ಶಾಲೆ, ಆಸ್ಪತ್ರೆ, ಅಂಗನವಾಡಿಗಳ ತಾರಸಿಗೆ ಬಿಳಿ ಬಳಿಯಲಿ. ಆಮೇಲೆ ಕೊಳೆಗೇರಿಗಳಲ್ಲಿ, ಶೀಟಿನ ವಠಾರಗಳಲ್ಲಿ ಸರ್ಕಾರದ ಖರ್ಚಿನಲ್ಲೇ ಬಳಿಸಲಿ. ಬಾಡಿಗೆದಾರರು ತಮ್ಮ ಕೈಯಿಂದ ಹಣ ಹಾಕಿ ಮಾಲೀಕರ ಸೂರು ಸರಿಮಾಡಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ.

ಅಹಮದಾಬಾದಿನಲ್ಲಿ 2010ರ ಮೇ ತಿಂಗಳ ಬಿಸಿಲಿಗೆ ಮಾಮೂಲಿಗಿಂತ 1,300ಕ್ಕೂ ಹೆಚ್ಚು ಸಾವುಗಳಾದವು. ಆ ಆಘಾತದ ನಂತರ 2013ರಲ್ಲಿ ಅಲ್ಲಿನ ಪಾಲಿಕೆ ದೇಶದ ಮೊದಲ ನಗರಮಟ್ಟದ ಬಿಸಿಲು ಯೋಜನೆಯನ್ನು ರೂಪಿಸಿತು: ಮುನ್ಸೂಚನೆ ಬಂದ ಕೂಡಲೇ ಎಚ್ಚರಿಕೆ, ಆಸ್ಪತ್ರೆಗಳಲ್ಲಿ ತಯಾರಿ, ಕುಡಿಯುವ ನೀರಿನ ವ್ಯವಸ್ಥೆ. ಬೆಂಗಳೂರು ಅಂಥ ಆಘಾತಕ್ಕಾಗಿ ಕಾಯಬೇಕಾಗಿಲ್ಲ. ನಮ್ಮ ಊರಿಗೆ ಹೊಂದುವ ಎಚ್ಚರಿಕೆಯ ಗೆರೆ ನಮಗೆ ಬೇಕು. ಹಗಲಿನ ಉಷ್ಣಾಂಶದ ಜತೆ ಗಾಳಿಯ ತೇವ, ರಾತ್ರಿಯ ಸೆಖೆ ಮೂರನ್ನೂ ಲೆಕ್ಕ ಹಾಕಿ ಆ ಗೆರೆಯನ್ನು ಎಳೆಯಬೇಕು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಯಲಹಂಕದಲ್ಲೇ ಇದೆ, ಭಾರತೀಯ ವಿಜ್ಞಾನ ಸಂಸ್ಥೆ ಯಶವಂತಪುರದ ಮಗ್ಗುಲಲ್ಲೇ ಇದೆ. ಬಲ್ಲವರಿಗೆ ಕೊರತೆಯಿಲ್ಲ, ಕರೆದು ಕೂರಿಸುವವರು ಬೇಕು.

ಬಿಸಿಲಿಗೆ ತಕ್ಕಂತೆ ಕೆಲಸದ ವೇಳೆ ಬದಲಿಸುವುದು ನಮ್ಮ ಸರ್ಕಾರಕ್ಕೆ ಹೊಸದೂ ಅಲ್ಲ. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೇಸಿಗೆಯಲ್ಲಿ ಬೆಳಗ್ಗೆ 8ಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಕಚೇರಿಯೊಳಗೆ ಕೂರುವವರಿಗೆ ಸಿಗುವ ಈ ರಿಯಾಯಿತಿ ಬೀದಿ ಗುಡಿಸುವ ಪೌರಕಾರ್ಮಿಕರಿಗೆ, ಮೆಟ್ರೊ ಕಂಬಗಳ ಕೆಳಗೆ ಕಬ್ಬಿಣ ಕಟ್ಟುವವರಿಗೆ, ಡಾಂಬರು ಹಾಕುವವರಿಗೆ ಸಿಗಬಾರದೇ? ಮಾರ್ಚ್‌ನಿಂದ ಮೇವರೆಗೆ ಹನ್ನೆರಡರಿಂದ ಮೂರರವರೆಗೆ ಹೊರಾಂಗಣದ ಕಾಮಗಾರಿ ನಿಲ್ಲಿಸಬೇಕೆಂಬ ಷರತ್ತನ್ನು ಪಾಲಿಕೆಯ ಟೆಂಡರಿನಲ್ಲೇ ಸೇರಿಸಿ. ಆ ಮೂರು ಗಂಟೆಗಳ ಕೂಲಿಯನ್ನು ಕಡಿಯಬಾರದೆಂದೂ ಬರೆಯಿರಿ.

ಇಷ್ಟೂ ಬಿಸಿಲನ್ನು ತಾಳಿಕೊಳ್ಳುವ ದಾರಿಗಳಾದವು. ಬಿಸಿಯನ್ನು ಹೆಚ್ಚಿಸುವ ಹೊಗೆಯನ್ನು ಕಡಿಮೆ ಮಾಡುವುದರಲ್ಲಿಯೂ ನಗರದ ಪಾಲಿದೆ. ಬೆಂಗಳೂರಿನ ವಾಹನಗಳ ಸಂಖ್ಯೆ ಒಂದು ಕೋಟಿ ದಾಟಿದೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿ.ಮೀ. ಸುರಂಗ ರಸ್ತೆಗೆ 17,000 ಕೋಟಿ ರೂಪಾಯಿಗೂ ಹೆಚ್ಚಿನ ಅಂದಾಜು ಮಾಡಲಾಗಿದೆ. 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯಾದ ಉಪನಗರ ರೈಲು ಯೋಜನೆ 148 ಕಿ.ಮೀ. ಉದ್ದದ್ದು, ಅದರ ಅಂದಾಜು 15,767 ಕೋಟಿ. ಈ ಎರಡು ಸಾಲುಗಳನ್ನು ಒಂದರ ಕೆಳಗೊಂದು ಬರೆದು ನೋಡಿ ಎಂದು ಕೈಮುಗಿದು ಕೇಳುತ್ತೇನೆ. ಒಂದು ಕಾರುಗಳನ್ನು ಕರೆಯುತ್ತದೆ, ಇನ್ನೊಂದು ಕಾರುಗಳನ್ನು ಮನೆಯಲ್ಲಿ ನಿಲ್ಲಿಸುತ್ತದೆ. ಕೊನೆಯ ನಿಲ್ದಾಣದ ತನಕ ರೈಲು ಓಡಿಸಿದ ಮೇಲೆ ಸುರಂಗದ ಮಾತಾಡೋಣ.

ಬಿಎಂಟಿಸಿ ದಿನವೂ ಸುಮಾರು 40 ಲಕ್ಷ ಜನರನ್ನು ಹೊತ್ತೊಯ್ಯುತ್ತದೆ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳು ಬಸ್ಸಿನ ಕಡೆ ಬಂದರು. ನನ್ನ ಪಾಲಿಗೆ ಅದು ಹವಾಮಾನದ ಯೋಜನೆಯೂ ಹೌದು. ಆದರೆ 2025ರ ಫೆಬ್ರುವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಸ್ಕೂಟರಿನ ಪೆಟ್ರೋಲಿಗಿಂತ ರೈಲಿನ ಟಿಕೆಟು ದುಬಾರಿಯಾದರೆ ಜನ ಸ್ಕೂಟರನ್ನೇ ಹತ್ತುತ್ತಾರೆ. ದರ ನಿಗದಿ ಪಾಲಿಕೆಯ ಕೈಯಲ್ಲಿಲ್ಲ, ಸರಿ. ಪ್ರಾಧಿಕಾರದ ಸಭೆಯಲ್ಲಿ ಮಾತೆತ್ತುವುದು ನಿಮ್ಮ ಕೈಯಲ್ಲಿದೆ.

ನೀರೂ ಇಂಧನವೇ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ಪೈಪಿನಲ್ಲಿ ಬಂದು, ಸುಮಾರು 500 ಮೀಟರ್ ಮೇಲಕ್ಕೆ ಏರಬೇಕು. ನಮ್ಮ ನಲ್ಲಿಯಲ್ಲಿ ಸೋರುವ ಪ್ರತಿ ಹನಿಯ ಹಿಂದೆ ಪಂಪಿಗೆ ಸುರಿದ ವಿದ್ಯುತ್ತಿದೆ, ಆ ವಿದ್ಯುತ್ತಿನ ಒಂದು ಪಾಲು ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲಿನಿಂದ ಬರುತ್ತದೆ. ಮಳೆನೀರು ಕೊಯ್ಲು 2009ರಿಂದಲೇ ಕಾನೂನಾಗಿದ್ದರೂ ದಂಡ ಕಟ್ಟಿ ಸುಮ್ಮನಾಗುವವರು ಬಹಳ ಮಂದಿ. ದಂಡದ ಹಣದಿಂದ ಜಲಮಂಡಳಿಯೇ ಆ ಮನೆಗಳಿಗೆ ಇಂಗುಗುಂಡಿ ಮಾಡಿಸಿಕೊಡಲಿ. ಕೆರೆಗಳ ವಿಚಾರದಲ್ಲಿ ಜಕ್ಕೂರಿನ ಮಾದರಿ ಕಣ್ಣೆದುರಿಗಿದೆ: ಶುದ್ಧೀಕರಿಸಿದ ಕೊಳಚೆ ನೀರು ಜೊಂಡು ಬೆಳೆದ ಜೌಗಿನಲ್ಲಿ ನಿಧಾನವಾಗಿ ಸಾಗಿ, ಇನ್ನಷ್ಟು ತಿಳಿಯಾಗಿ ಕೆರೆಗೆ ಸೇರುತ್ತದೆ. ಬೇಸಿಗೆಯಲ್ಲೂ ಅಲ್ಲಿ ನೀರಿರುತ್ತದೆ, ಮೀನು ಹಿಡಿಯುವವರಿರುತ್ತಾರೆ. ನೊರೆಗೂ ಬೆಂಕಿಗೂ ಹೆಸರಾದ ಬೆಳ್ಳಂದೂರು ಇರುವ ನಗರದಲ್ಲೇ ಇದೂ ಸಾಧ್ಯವಾಗಿದೆ. ರಾಜಕಾಲುವೆಗಳನ್ನು ಕಾಂಕ್ರೀಟಿನ ಪೆಟ್ಟಿಗೆ ಮಾಡುವ ಮುನ್ನ ನಿಮ್ಮ ಎಂಜಿನಿಯರುಗಳನ್ನು ಒಮ್ಮೆ ಜಕ್ಕೂರಿಗೆ ಕಳಿಸಿ.

ಕಸದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನಗರದ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿ ಕಸ. ಅದನ್ನು ಗುಡ್ಡೆ ಹಾಕಿದರೆ ಹುಟ್ಟುವ ಮೀಥೇನ್ ಅನಿಲ ಇಪ್ಪತ್ತು ವರ್ಷಗಳ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಹೆಚ್ಚು ಶಾಖ ಹಿಡಿಯುತ್ತದೆ. ಮಂಡೂರಿನ ಜನ 2014ರಲ್ಲಿ ಬೀದಿಗಿಳಿದು ನಮ್ಮ ಕಸವನ್ನು ತಡೆದರು. ಈಗ ಬೇರೆ ಹಳ್ಳಿಗಳು ಆ ಹೊರೆ ಹೊರುತ್ತಿವೆ. ವಾರ್ಡಿನ ಹಸಿ ಕಸ ವಾರ್ಡಿನಲ್ಲೇ ಗೊಬ್ಬರವಾಗಬೇಕು.

ಕೊನೆಯದಾಗಿ ಒಂದು ನೇರ ಪ್ರಶ್ನೆ. 2023ರ ನವೆಂಬರ್‌ನಲ್ಲಿ, ಆಗ ಇಡೀ ನಗರಕ್ಕೆ ಒಂದೇ ಪಾಲಿಕೆಯಾಗಿದ್ದ ಬಿಬಿಎಂಪಿ ಬೆಂಗಳೂರಿನ ಹವಾಮಾನ ಕ್ರಿಯಾ ಯೋಜನೆಯನ್ನು ಬಿಡುಗಡೆ ಮಾಡಿತ್ತು. 2050ರ ವೇಳೆಗೆ ನಗರದ ನಿವ್ವಳ ಇಂಗಾಲ ಹೊರಸೂಸುವಿಕೆಯನ್ನು ಸೊನ್ನೆಗೆ ತರುವ ಗುರಿ ಅದರಲ್ಲಿದೆ. ಕಟ್ಟಡ, ಸಾರಿಗೆ, ಕಸ, ನೀರು, ಹಸಿರು ಎಲ್ಲಕ್ಕೂ ಕೆಲಸಗಳ ಪಟ್ಟಿಯಿದೆ. ನಾನು ಅದನ್ನು ಓದಿದ್ದೇನೆ. ಶ್ರಮವಹಿಸಿ ಮಾಡಿದ ಕೆಲಸ ಅದು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ಪಾಲಿಕೆಗಳು ಬಂದವು. ಹಾಗಾದರೆ ಆ ಯೋಜನೆಯ ವಾರಸುದಾರರು ಈಗ ಯಾರು? ಐವರು ಆಯುಕ್ತರಲ್ಲಿ ಯಾರ ಮೇಜಿನ ಮೇಲೆ ಅದು ಇದೆ? ಮರ, ಕೆರೆ, ಗಾಳಿಗಳಿಗೆ ಪಾಲಿಕೆಯ ಗಡಿ ಗೊತ್ತಿಲ್ಲ, ಆದ್ದರಿಂದ ಹೊಣೆಯನ್ನು ಐದು ಕಡೆ ಹಂಚಿ ಎಲ್ಲಿಯೂ ಇಲ್ಲದಂತೆ ಮಾಡಬೇಡಿ. ಪ್ರಾಧಿಕಾರದಲ್ಲಿ ಒಬ್ಬರು, ಪ್ರತಿ ಪಾಲಿಕೆಯಲ್ಲಿ ಒಬ್ಬರು ಅಧಿಕಾರಿಯ ಹೆಸರನ್ನು ಪ್ರಕಟಿಸಿ. ಅವರು ಮೂರು ತಿಂಗಳಿಗೊಮ್ಮೆ, ಆದ ಕೆಲಸ ಮತ್ತು ಆಗದ ಕೆಲಸ ಎರಡನ್ನೂ ಕನ್ನಡದಲ್ಲಿ ಜನರ ಮುಂದಿಡಲಿ.

ನಮ್ಮ ಬಡಾವಣೆಯ ಕೆಲವರು ಸೇರಿ ಮರವಿಲ್ಲದ ಬಸ್ ನಿಲ್ದಾಣಗಳು, ಬುಡಕ್ಕೆ ಕಾಂಕ್ರೀಟು ಬಿದ್ದ ಮರಗಳು, ಶೀಟಿನ ವಠಾರಗಳು ಎಲ್ಲೆಲ್ಲಿವೆ ಎಂದು ಬೀದಿವಾರು ಪಟ್ಟಿ ಮಾಡುತ್ತಿದ್ದೇವೆ. ವಾರ್ಡ್ ಸಮಿತಿಯ ಸಭೆ ಯಾವ ದಿನ ಎಂದು ತಿಳಿಸಿದರೆ ಅದನ್ನು ತಂದು ಒಪ್ಪಿಸುತ್ತೇವೆ. ಮುಂಗಡಪತ್ರ ಮಂಡನೆಯಾಗುವ ಮೊದಲೇ ಆ ಸಭೆ ಆಗಲಿ. ನೆರಳಿನ ಶೀರ್ಷಿಕೆಯಡಿ ಎಷ್ಟು ಹಣ ಇಟ್ಟಿದ್ದೀರಿ ಎಂದು ಅಲ್ಲಿಯೇ ಕೇಳುತ್ತೇವೆ.

ಇಂತಿ,
ರಾಜಗೋಪಾಲನಗರದ ಒಬ್ಬ ನಿವೃತ್ತ ಶಿಕ್ಷಕಿ